ಹತ್ತನೆಯ ಅಕ್ಷರ

ಬೈಕಂಪಾಡಿಯ ನಮ್ಮ ಶೆಡ್ಡಿನಲ್ಲಿ
ವಾಹನಕ್ಕೆ ಮೈ ಕಟ್ಟುತ್ತೇವೆ.
ಎಲುಬು ಬೇರೆ ಕಡೆಯಿಂದ ಬರುತ್ತದೆ.

ಇದನ್ನು ತಂದವನು ಚಿನ್ನರಾಸು,
ಹೊಸೂರಿನಿಂದ ಹೊರಟು, ಶಿರಾಡಿ ಇಳಿದು.
ಬಾಗಿಲಿಲ್ಲ, ಗಾಜಿಲ್ಲ, ಸೂರಿಲ್ಲ,
ಹಲಗೆಯೊಂದರ ಮೇಲೆ ಕೂತು,
ತಲೆಗೆ ಬೈರಾಸು ಸುತ್ತಿ, ಕಣ್ಣಿಗೆ
ಮಕ್ಕಳು ಈಜುವಾಗ ಹಾಕುವ ಕನ್ನಡಕ.
ಡಿಸೆಂಬರ್ ಇಪ್ಪತ್ತೊಂದು, ಬೆಳಕು ಹರಿದಿರಲಿಲ್ಲ.
ಚಾ ಕೇಳಿದ.
ಬೆರಳು ಸೆಟೆದು ಲೋಟ ಹಿಡಿಯಲಾಗಲಿಲ್ಲ.

ಆಮೇಲೆ ಅದು ಅಂಗಳದಲ್ಲಿ ನಿಂತಿತು. ನಿಂತೇ ನಿಂತಿತು.
ನಕ್ಷೆ ಪಾಸಾಗಲು ಒಂದು ಬೇಸಗೆ,
ಸೆವ್ರಿನ್ ಬಾಯಿಯ ಠೇವಣಿ ಬಲಿತು
ಕೈಗೆ ಬರಲು ಮತ್ತೆರಡು ತಿಂಗಳು.
ಬೋಳು ಕಬ್ಬಿಣದ ಮೇಲೆ ಕಾಗೆ ಕೂತು
ಮೀನೆಣ್ಣೆ ಫ್ಯಾಕ್ಟರಿಯ ಕಡೆ ನೋಡುತ್ತಿತ್ತು.

ಮಳೆ ಹಿಡಿದ ಮೇಲೆ ನಾವು ಕೆಲಸ ಹಿಡಿದೆವು.
ಹುಸೈನಬ್ಬ ಚೌಕಟ್ಟು ಬೆಸೆದರು.
ವಾಮನಾಚಾರ್ರು ಎರಡು ಮಂಚ, ಒಂದು ಮಡಚುವ ಮೇಜು,
ಗಂಜಿ ಬೇಯುವಷ್ಟು ಅಡಿಗೆಮೂಲೆ,
“ಕುಚ್ಚಲಕ್ಕಿ ಅಲ್ವಾ ಬಾಯಮ್ಮ, ಗ್ಯಾಸು ತಿನ್ನುತ್ತದೆ” ಎಂದು
ಎರಡನೆಯ ಸಿಲಿಂಡರಿಗೂ ಒಂದು ಗೂಡು.

ಮೊಂತಿ ಹಬ್ಬಕ್ಕೆ ಮೊದಲು ಬೇಕೆಂದಿದ್ದರು.
ಕಾಗದಪತ್ರದ ದಿನ ನಾನು ಅಡಿಯಲ್ಲಿ ಮಲಗಿ
ಚಾಸಿಸ್ ನಂಬರಿನ ಮೇಲೆ ತೆಳು ಕಾಗದ ಒತ್ತಿ
ಪೆನ್ಸಿಲ್ ಉಜ್ಜಿದೆ.
ಹದಿನೇಳು ಗುರುತು, ಬೂದಿ ಊದಿದ ಹಾಗೆ ಒಂದೊಂದೇ ಎದ್ದವು.
ಹತ್ತನೆಯದು ಪಿ.
ಪಿ ಎಂದರೆ ಹೋದ ವರ್ಷ.

“ಹೋದ ವರ್ಷವಾ?” ಬಾಯಿ ಕನ್ನಡಕ ಏರಿಸಿದರು.
“ಬಣ್ಣ ಇನ್ನೂ ಕೈಗೆ ಅಂಟುತ್ತದೆ ಮಾರಾಯ.
ಪರದೆ ನಾನು ಹೊಲಿದದ್ದು ಮೊನ್ನೆ.”
ಆರ್‌ಟಿಒಗೆ ಪರದೆ ಲೆಕ್ಕಕ್ಕಿಲ್ಲ, ಹೇಳಿದೆ.
ಎಲುಬಿನ ವಯಸ್ಸೇ ವಯಸ್ಸು.
ಮಾರಲು ಹೊರಟರೆ ಒಂದು ವರ್ಷದ ಬೆಲೆ ಈಗಲೇ ಹೋಯಿತು,
ವಿಮೆಯವನೂ ಹಾಗೇ ಅನ್ನುತ್ತಾನೆ.

“ಈ ವರ್ಷದ್ದು ಯಾವ ಅಕ್ಷರ?”
ಆರ್.
“ನಡುವೆ ಕ್ಯೂ ಬರಬೇಕಲ್ಲ?”
ಇಲ್ಲ. ಸೊನ್ನೆಯ ಹಾಗೆ ಕಾಣುತ್ತದೆಂದು ಬಿಟ್ಟಿದ್ದಾರೆ.
ಅವರು ಮಾತಾಡದೆ ವಾಹನಕ್ಕೆ ಒಂದು ಸುತ್ತು ಬಂದರು,
ಹಿಂದಿನ ಏಣಿಯನ್ನು ಒಮ್ಮೆ ಅಲುಗಿಸಿ ನೋಡಿದರು.
“ಹಾಗಾದರೆ ನೀವು ಕಟ್ಟಿದ್ದು
ಆ ಬಿಟ್ಟ ಅಕ್ಷರದಲ್ಲಿ.”

ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷ
ಗಳಿಗೆ ಬರೆದ ಕೈ ಅವರದು.
“ಜಾತಕದವರು ಬಂದು ಜಗಳ ಮಾಡುತ್ತಿದ್ದರು,
ತಲೆ ಕಂಡದ್ದಾ, ಹೊಕ್ಕುಳು ಕತ್ತರಿಸಿದ್ದಾ ಎಂದು.
ನಾನು ಅಳು ಕೇಳಿದಾಗ
ಗಡಿಯಾರ ನೋಡುತ್ತಿದ್ದೆ, ಅಷ್ಟೇ.”

ಆಗ ನನಗೆ ಆ ಡಿಸೆಂಬರಿನ ನಸುಕು ನೆನಪಾಯಿತು.
ಮುಚ್ಚಲು ಒಂದು ತಗಡೂ ಇಲ್ಲದ ಇಂಜಿನು
ಹೆದ್ದಾರಿಯಿಂದ ಹೊರಳಿ ಗೇಟಿಗೆ ಬಂದದ್ದು.
ವಾಚ್‌ಮನ್ ಕಿವಿ ಮುಚ್ಚಿಕೊಂಡು ಎದ್ದದ್ದು,
ರಸ್ತೆಯಾಚೆ ನಾಯಿಗಳೆಲ್ಲ ಒಟ್ಟಿಗೆ.
ಹೇಳಿದೆ.

“ಅತ್ತಿದೆ ಅಲ್ವಾ,” ಎಂದರು ಬಾಯಿ.
“ಬರೆ ಮತ್ತೆ. ಹೋದ ವರ್ಷವೇ.”

ಸಂಜೆ ಕೀಲಿ ಕೊಡುವ ಮೊದಲು
ಕೆಳಗಿನ ಮಂಚದ ಹಲಗೆ ಎತ್ತಿ ನೋಡಿದೆ,
ಸ್ಕ್ರೂ ಒಂದು ಸಡಿಲ ಇತ್ತು.
ಹಲಗೆಯ ಒಳಮೈಯಲ್ಲಿ ಬಡಗಿ ಪೆನ್ಸಿಲಿನ ಅಕ್ಷರ:
ವಾಮನ. ಆಟಿ ಹದಿನೆಂಟು. ಜೋರು ಮಳೆ.
ಇಸವಿ ಬರೆದಿರಲಿಲ್ಲ.

ಅಷ್ಟು ಜಾಗ ಬಿಟ್ಟು
ಸುತ್ತ ವಾರ್ನಿಶ್ ಹೊಡೆದೆ.