ಹಿಮ್ಮಡಿ ನೋಡಬೇಕು

ಮೂರು ಜಾಗದ ಹೆಸರು ಗೀಚಿದ ಚೀಟಿ
ಗಾನಿಮ್ ನನ್ನ ಕೈಗೇ ಕೊಟ್ಟ.
"ನೀನೇ ನೋಡಿ ಬಾ. ಅಮ್ಮನ ಮೈ ನಿನಗೆ ಗೊತ್ತು,
ನನಗೆ ಗೊತ್ತಿರುವುದು ಬಿಲ್ಲು."
ಹಾಗೆನ್ನುವಾಗ ಅವನ ಕಣ್ಣು ಟೀವಿಯ ಮೇಲೆ.
ಟೀವಿ ಹಾಕಿರಲಿಲ್ಲ.

ಇಪ್ಪತ್ತಾರು ವರ್ಷ ಈ ಮುಹರ್ರಕ್ ಗಲ್ಲಿಯಲ್ಲಿ
ನಾನು ಬದ್ದು.
ಅರಬ್ಬಿಯಲ್ಲಿ 'ಪ' ಇಲ್ಲ ಮಾರಾಯ್ರೆ,
ಪಾಸ್‌ಪೋರ್ಟೇ ಬಾಸ್‌ಬೋರ್ಟ್ ಆಗುವ ಊರಲ್ಲಿ
ಕೋಟೇಶ್ವರದ ಪದ್ದುವಿನದ್ದು ಯಾವ ಲೆಕ್ಕ.
ಈಗ ಹದಿನೇಳು ದಿನದಿಂದ ಬದ್ದುವೂ ಇಲ್ಲ.
ಉಮ್ ಗಾನಿಮ್‌ರ ಉಣ್ಣುವ ಕೈಗೆ ಜೀವವಿಲ್ಲ,
ಮಾತೂ ಅದರ ಜೊತೆಗೇ ಎಲ್ಲೋ ಜಾರಿದೆ.
ಆಸ್ಪತ್ರೆಯವರು ಹಾಸಿಗೆ ಬಿಡಿ ಅಂದರು,
ಮನೆಗೆ ಈಗಲೇ ಬೇಡ ಅಂದರು.
"ಆಮೇಲೆ ನನ್ನ ವೀಸಾ?" ಕೇಳಿದೆ.
"ಇನ್ಶಾ ಅಲ್ಲಾ" ಅಂದ ಗಾನಿಮ್.
ಅದಕ್ಕೆ ಎಷ್ಟು ಅರ್ಥವಿದೆ ಅಂತ
ಇಲ್ಲಿ ಬಾಳಿದವರಿಗೆ ಗೊತ್ತು.

ರಿಫಾದಲ್ಲಿದ್ದದ್ದು ಅಮೃತಶಿಲೆ, ಕಾರಂಜಿ,
ಗೋಡೆಯುದ್ದ ಮೀನಿನ ತೊಟ್ಟಿ.
ನಾನು ಮೀನು ಮಾರಿದವಳ ಮಗಳು.
ಬಂಗುಡೆಯ ಹೊಳಪಿಗೆ ಮರುಳಾಗಬಾರದು,
ಕಿವಿರು ಎತ್ತಿ ನೋಡಬೇಕು.
ಎತ್ತಿದೆ, ಯಾರದೋ ಅಜ್ಜಿಯ ಹೊದಿಕೆಯ ತುದಿ.
ಹಿಮ್ಮಡಿ ಹಣ್ಣಾದ ನೇರಳೆ.
ಕರೆಗಂಟೆಯ ದಾರ
ಆಕೆಯ ಜೀವವಿಲ್ಲದ ಕೈಯ ಕಡೆಗೇ ಕಟ್ಟಿತ್ತು,
ಚೆಂದವಾಗಿ, ಉಡುಗೊರೆಗೆ ಕಟ್ಟುವ ಹಾಗೆ.
"ರಾತ್ರಿ ಎಷ್ಟು ಜನ ಇರ್ತೀರಿ?"
ಮ್ಯಾನೇಜರ್ ಊಟದ ಪಟ್ಟಿ ತೋರಿಸಿದ.

ಎರಡನೆಯದು ಸಿತ್ರಾ ಕಡೆ.
ಹೊಲಸಿರಲಿಲ್ಲ, ಪಾಪ. ಜಗಳವೂ ಇರಲಿಲ್ಲ.
ಗಾಲಿಕುರ್ಚಿಗಳು ಬಸ್ಸಿಗೆ ಕಾದಂತೆ ಸಾಲಾಗಿ
ಗೋಡೆಗೆ ಮುಖ ಮಾಡಿದ್ದವು.
ಎರಡಕ್ಕೆ ಹೋದವಳು ನಾಲ್ಕಕ್ಕೆ ಹೊರಟೆ.
ಅಷ್ಟು ಹೊತ್ತಿಗೂ ಬಸ್ಸು ಬಂದಿರಲಿಲ್ಲ.

ಮೂರನೆಯದಕ್ಕೆ ಬೋರ್ಡೇ ನೆಟ್ಟಗಿಲ್ಲ.
ಹಳೇ ಸೂಕ್ ಹಿಂದೆ, ಕೆಳಗೆ ಟಯರ್ ಅಂಗಡಿ,
ಏದುಸಿರು ಬಿಡುವ ಲಿಫ್ಟು.
ಒಳಗೆ ಎಂತದೋ ಗಲಾಟೆ: ಒಬ್ಬ ಮುದುಕ
ಒಂದೇ ಕೈಯಲ್ಲಿ ಗಹ್ವಾ ಬಗ್ಗಿಸಲು ಕಲಿಯುತ್ತಿದ್ದ.
ಅರ್ಧ ನೆಲಕ್ಕೆ, ಅರ್ಧ ನರ್ಸಿನ ಪಾದಕ್ಕೆ.
ಎಲ್ಲರೂ ಬೈಯುತ್ತಿದ್ದರು,
ಯಾರೂ ಕಸಿಯುತ್ತಿರಲಿಲ್ಲ.
ಮೂಲೆಯಲ್ಲಿ ಮರದ ನಾಲ್ಕು ಮೆಟ್ಟಿಲು,
ಹತ್ತಿದರೆ ಗೋಡೆ, ಮತ್ತೆ ಇಳಿಯುವುದು.
ಗಟ್ಟಿ ಇದೆಯಾ ಅಂತ ಹತ್ತಿ ನೋಡಿದೆ.
ನನ್ನ ಮೊಣಕಾಲು ಲಟಕ್ ಅಂದಿತು.
"ಸೇರುವವರು ನೀವಾ?" ಅಂದಳು ಥೆರಪಿಸ್ಟ್ ಹುಡುಗಿ.
"ಈ ಸಲ ಅಲ್ಲ."

ಪೆನ್ನು ತೆಗೆದಳು.
ಸಿಟ್ಟು ಬಂದರೆ ಅವರು ಏನು ಮಾಡ್ತಿದ್ದರು?
"ಚಪ್ಪಲಿ ಎಸೀತಿದ್ದರು."
ಗುರಿ ತಪ್ಪುತ್ತಿತ್ತಾ?
"ಇಪ್ಪತ್ತಾರು ವರ್ಷದಲ್ಲಿ ಎರಡು ಸಲ."
ಅದನ್ನೂ ಬರೆದುಕೊಂಡಳು.

ಚೀಟಿಯಲ್ಲಿ ಎರಡು ಹೆಸರು ಹೊಡೆದು ಗಾನಿಮ್‌ಗೆ ಕೊಟ್ಟೆ.
ಟಯರ್ ವಾಸನೆ ಅಂತ ಅವನ ಹೆಂಡತಿ ಮೂಗು ಮುಚ್ಚಿದಳು.
ಅವನು ಮೊದಲ ಸಲ ನನ್ನ ಮುಖ ನೋಡಿ
ಆಯಿತು ಅಂದ.

ಈಗ ಶುಕ್ರವಾರ ಬಿಟ್ಟು ದಿನಾ ಹೋಗುತ್ತೇನೆ.
ಮೊದಲು ಹಿಮ್ಮಡಿ, ಆಮೇಲೆ ಸಲಾಮು.
ನಿನ್ನೆ ಕನ್ನಡಿಯ ಮುಂದೆ ಕೂರಿಸಿದ್ದರು.
"ಬಾ... ಬಾ... ಹೇಳಿ ಉಮ್ ಗಾನಿಮ್, ಬಾ."
ಅರ್ಧ ತುಟಿ ಮುಚ್ಚಿತು, ಇನ್ನರ್ಧದಲ್ಲಿ ಗಾಳಿ ಸೋರಿತು.
ಕನ್ನಡಿಯೊಳಗೆ ನನ್ನನ್ನು ಕಂಡು ಹುಬ್ಬು ಗಂಟಿಕ್ಕಿ
ಇದ್ದಬದ್ದ ಉಸಿರೆಲ್ಲ ಕೂಡಿಸಿ ಬಿಟ್ಟರು:
ಪ.

"ಅಲ್ಲ, ಬಾ" ಅಂದಳು ಹುಡುಗಿ,
ಹಾಳೆಯಲ್ಲಿ ತಪ್ಪು ಗುರುತು ಹಾಕಿದಳು.
ನಾನು ತಿದ್ದಲು ಹೋಗಲಿಲ್ಲ.