ಮುಷ್ಟಿ ಡಬ್ಬ

ಅರಸೀಕೆರೆ ಜಂಕ್ಷನ್ನಿನ ಹಿಂದೆ, ಲೋಕೋ ಶೆಡ್ಡಿನ ಮಸಿ
ಒಣಹಾಕಿದ ಸೀರೆಗಳ ಮೇಲೆ ಕೂರುತ್ತಿದ್ದ ಕ್ವಾರ್ಟರ್ಸಿನಲ್ಲಿ
ಗಾರ್ಡ್ ಪೇಣಕರ್ ಹೆಂಡತಿ ಮಲ್ಕಾಬಾಯಿ
ಶುಕ್ರವಾರ ಹೊತ್ತು ಮುಳುಗುವ ಮೊದಲೇ ದೀಪ ಹಚ್ಚುತ್ತಿದ್ದಳು.
ಶನಿವಾರ ಒಲೆ ಮುಟ್ಟುತ್ತಿರಲಿಲ್ಲ.
ಯಾವ ಜನ ನೀವು, ಎಂದು ನಲ್ಲಿಕಟ್ಟೆಯಲ್ಲಿ ಕೇಳಿದವರಿಗೆ
ಯಹೂದಿಗಳು, ಹಡಗು ಒಡೆದು ಕೊಂಕಣಕ್ಕೆ ಬಂದವರು,
ಉಳಿದದ್ದು ಏಳೇ ಜೋಡಿ, ಅನ್ನುತ್ತಿದ್ದಳು
ಮರಾಠಿ ಬೆರೆತ ಕನ್ನಡದಲ್ಲಿ.

ಪಾಯಿಂಟ್ಸ್‌ಮನ್ ಚೆಲುವಯ್ಯನ ಕಾಲು ಬಫರಿಗೆ ಸಿಕ್ಕ ವಾರ
ಅವಳ ಜಗುಲಿಗೆ ಬಂತು ಬಿಸ್ಕತ್ತಿನ ಡಬ್ಬ.
ಮುಚ್ಚಳದಲ್ಲಿ ಮುಷ್ಟಿ ತೂರುವಷ್ಟು ತೂತು,
ಮೇಲೊಂದು ಹಳೇ ಸೀರೆ ತುಂಡು.
ಕಟ್ಟಳೆ ಒಂದೇ:
ತಿಂಗಳ ಮೊದಲ ಭಾನುವಾರ ಎಲ್ಲ ಹೆಂಗಸರೂ ಬರಬೇಕು,
ಮುಷ್ಟಿ ಬಿಗಿದು ಕೈ ಇಳಿಸಬೇಕು,
ಮುಷ್ಟಿ ಬಿಗಿದೇ ಎತ್ತಬೇಕು.
ಹಾಕಿದೆಯೋ ತೆಗೆದೆಯೋ, ಕೇಳುವ ಹಾಗಿಲ್ಲ.

ಫಿಲೋಮಿನಾ ಬಂದಳು, ಖೈರುನ್ನೀಸಾ ಬಂದಳು,
ಸ್ಟೇಷನ್ ಮಾಸ್ತರರ ಹೆಂಡತಿ ಮಡಿಯುಟ್ಟು ಬಂದವರು
ಡಬ್ಬಕ್ಕೆ ನೀರು ಚಿಮುಕಿಸಿ, ಆಮೇಲೆ ಕೈ ಇಟ್ಟರು.
ಮಲ್ಕಾಬಾಯಿ ನಕ್ಕು ಎಲ್ಲರಿಗೂ ಮಲಿದಾ ಹಂಚಿದಳು:
ನೆನೆಸಿದ ಅವಲಕ್ಕಿ, ಸಕ್ಕರೆ, ನಮ್ಮೂರ ಸಂತೆಯ ಕಾಯಿತುರಿ.
ನನಗೆ ಎರಡು ಸಲ.

ಲೆಕ್ಕದ ಪುಸ್ತಕ ಈಗ ನನ್ನಲ್ಲಿದೆ. ಒಂದೂ ಹೆಸರಿಲ್ಲ.
ಮಾರ್ಚ್: ಉಳಿಕೆ ಹನ್ನೊಂದು ರೂಪಾಯಿ ಎರಡಾಣೆ.
ಏಪ್ರಿಲ್: ಒಂಬತ್ತಾಣೆ.
ಮೇ: ಡಬ್ಬ ಖಾಲಿ. ಯಾರೋ ಬದುಕಿದರು.

ಅವ್ವ ಸಣ್ಣಲಿಂಗಮ್ಮ ಒಂದು ತಿಂಗಳೂ ತಪ್ಪಿಸಲಿಲ್ಲ,
ನಾನು ಹೊಸ ಸ್ಲೇಟು ಹಿಡಿದು ಸ್ಕೂಲಿಗೆ ಹೋದ ಜೂನಿನಲ್ಲೂ
ಅವಳ ಮೂಗುಬೊಟ್ಟು ಕಾಣೆಯಾದ ಶ್ರಾವಣದಲ್ಲೂ.

ಕೊನೆಗೆ ಕೇಳಿಯೇಬಿಟ್ಟೆ: ಹಾಕಿದ್ದಾ, ತೆಗೆದದ್ದಾ?
ಆಸ್ಪತ್ರೆಯ ಹಸಿರು ಹೊದಿಕೆಯ ಮೇಲೆ
ಅವ್ವ ಮುಷ್ಟಿ ಬಿಗಿದಳು.