ಎಂಟು ಬಾಯಿಯ ಪೆಟ್ಟಿಗೆ

ಲ್ಯಾಮಿಂಗ್ಟನ್ ರೋಡಿನ ಅಂಗಡಿ ಹುಡುಗ
ಮನೆಗೆ ಐದರದ್ದೇ ಸಾಕು ಆಂಟಿ, ಅಂದ.
ಎಂಟರದ್ದು ಕೊಡು, ಅಂದೆ.
ಹನ್ನೊಂದು ವರ್ಷ ಟ್ರಂಕ್ ಬೋರ್ಡಿನ ಮುಂದೆ ಕೂತವಳಿಗೆ
ಎಷ್ಟು ತೂತು ಬೇಕೆಂದು
ಇವನು ಹೇಳಿಕೊಡುವುದೇ?

ಮುಲುಂಡಿಗೆ ಬಂದು ಬಿಚ್ಚಿದರೆ ಲೆಕ್ಕ ಏಳೇ.
ಒಂದು ಬಾಯಿ ರೌಟರಿಗೆ ಹೋಯಿತು.
ಇರಲಿ, ಎಂಟರಲ್ಲಿ ಒಂದಾದರೂ
ಉಣ್ಣುವ ಬಾಯಿ ಆಗಿರಬೇಕಲ್ಲ.

ರೌಟರಿನ ನಾಲ್ಕೂ ತುಂಬಿದ್ದವು:
ಟೀವಿ, ಬಾಗಿಲ ಕ್ಯಾಮೆರಾ,
ದಿಗಂಬರ ಭಾವನ ಮುನಿಸಿಕೊಂಡ ಪ್ರಿಂಟರು,
ನಿಶಿಗಂಧಳ ಕಂಪ್ಯೂಟರು.
ಒಳಕೋಣೆಯಲ್ಲಿ ಪೇಯಿಂಗ್ ಗೆಸ್ಟ್ ಪ್ರಾಜಕ್ತಾ,
ಯಾವುದೋ ದೇಶದ ಡಾಕ್ಟರರ ಮಾತು ಕಿವಿಗಿಟ್ಟುಕೊಂಡು
ರಾತ್ರಿಯೆಲ್ಲ ಟೈಪು ಮಾಡುವವಳು.
ವೈಫೈ ಆ ಗೋಡೆ ದಾಟುವುದಿಲ್ಲ.
'ಕಾಕೂ, ರೋಗಿಯ ಹೊಟ್ಟೆ ಕೊಯ್ದು
ಡಾಕ್ಟರು ಅಲ್ಲೇ ನಿಂತುಬಿಡುತ್ತಾರೆ.'

ಅದಕ್ಕೇ ಈ ತಂತಿ. ಲಾಫ್ಟಿನ ಮೇಲೆ,
ಹಳೆ ಹಾಸಿಗೆ, ತಾಮ್ರದ ಹಂಡೆ ಬಳಸಿ
ಅವಳ ಮೇಜಿನ ತನಕ.
ತುದಿ ಸುಲಿದು ನಾನೇ ಜೋಡಿಸಿದೆ:
ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ,
ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು.
ನೋಡಿ, ಹಸಿರಿನ ಗಂಡಹೆಂಡಿರ ನಡುವೆ
ನೀಲಿಯ ಸಂಸಾರ ಮಲಗಿದೆ.
ಒಂದೇ ಖೋಲಿಯಲ್ಲಿ ಎರಡು ಸಂಸಾರ ಹೂಡಿದ ಊರಿಗೆ
ಇದೇನು ಹೊಸದೇ?
ಎರಡು ಸಲ ಕೆಟ್ಟಿತು.
ಮೂರನೆಯದು ಟಕ್ಕೆಂದು ಕೂತಿತು, ದೀಪ ಹತ್ತಿತು.

ಗುರುವಾರ ಮಧ್ಯಾಹ್ನ ಮನೆಯೇ ಮೂಕವಾಯಿತು.
ಪೆಟ್ಟಿಗೆಯ ಮೇಲಿನ ದೀಪಗಳು ಮಾತ್ರ
ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ.
ಶೇವಂತಾಬಾಯಿ ನೆಲ ಒರೆಸುವಾಗ
ಜೋಲುತ್ತಿದ್ದ ತುದಿಯೊಂದನ್ನು ಕಂಡು
ಪಾಪ, ಒಪ್ಪವಾಗಿ ಖಾಲಿ ಬಾಯಿಗೆ ಸಿಕ್ಕಿಸಿದ್ದಳು.
ಅದರ ಇನ್ನೊಂದು ತುದಿಯೂ ಅದೇ ಪೆಟ್ಟಿಗೆಯಲ್ಲಿತ್ತು.
ಒಂದು ಕೂಗು ಹೊರಟು, ಸುತ್ತಿ ಬಂದು,
ತನ್ನನ್ನೇ ಹೊಸಬರೆಂದು ಬಗೆದು
ಮತ್ತೆ ಎಲ್ಲರಿಗೂ ಕೂಗಿ, ಮತ್ತೆ ಸುತ್ತಿ…
ಪಂಚಾಯತಿಗೆ ಕೂತ ನಮ್ಮ ಸೊಸೈಟಿ ಮೀಟಿಂಗಿನಂತೆ.
ತಂತಿಯನ್ನು ಬೆರಳಲ್ಲೇ ಹಿಂಬಾಲಿಸಿ ಕಿತ್ತೆ.
ನಿಟ್ಟುಸಿರು ಯಾರದೋ. ಬಹುಶಃ ಪ್ರಿಂಟರಿನದು.

ಈ ಪೆಟ್ಟಿಗೆಗೆ ಹೆಸರು ಬೇಕಿಲ್ಲ.
ಗೊತ್ತಿಲ್ಲದ ವಿಳಾಸ ಬಂದರೆ
ಎಲ್ಲ ಬಾಗಿಲಿಗೂ ಒಮ್ಮೆ ಕೂಗುತ್ತದೆ.
ಓಗೊಟ್ಟ ಬಾಗಿಲನ್ನು ಗುರುತಿಟ್ಟು
ಆಮೇಲೆ ಅಲ್ಲಿಗೆ ಮಾತ್ರ.
ಐದು ನಿಮಿಷ ಆ ಕಡೆಯಿಂದ ಸದ್ದಿಲ್ಲದಿದ್ದರೆ
ಅಳಿಸಿಬಿಡುತ್ತದಂತೆ.

ನಾನೂ ಹಾಗೇ ಕೆಲಸ ಕಲಿತದ್ದು,
ಅಳಿಸುವುದೊಂದು ಬಿಟ್ಟು.

ಹುಬ್ಬಳ್ಳಿ ಬೋರ್ಡಿನಲ್ಲಿ ಒಬ್ಬಳಿದ್ದಳು.
'ಬಾಂಬೇ, ಹೇಳವಾ' ಅನ್ನುತ್ತಿದ್ದಳು,
ಬಾಯಲ್ಲಿ ಅಡಿಕೆಚೂರು ಇದ್ದಂತೆ.
ಎಂಟುಪಟ್ಟು ದರದ ಲೈಟ್ನಿಂಗ್ ಕಾಲು:
ಅಲ್ಲಿ ಯಾರೋ ಹೋದರೆಂದು ಇಲ್ಲಿ ಯಾರೋ ಅಳುವಾಗ
ಎರಡು ತುದಿಯಲ್ಲಿ ನಾವಿಬ್ಬರೂ
ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆವು.
ಮೂರು ನಿಮಿಷ ಆಯಿತೆಂದು ಹೇಳಬೇಕಿತ್ತು.
ಕೆಲವು ಸಲ ಅವಳು ಹೇಳಲಿಲ್ಲ,
ಕೆಲವು ಸಲ ನಾನು.

ಹೆಸರು ಕೇಳಲಿಲ್ಲ. ನಿಯಮ ಇರಲಿಲ್ಲ.
ಆಮೇಲೆ ಎಸ್‌ಟಿಡಿ ಬಂತು, ಜನ ತಾವೇ ಸೊನ್ನೆ ಒತ್ತಿದರು,
ನನ್ನನ್ನು ಬಿಲ್ಲಿಂಗ್ ವಿಭಾಗಕ್ಕೆ ಹಾಕಿದರು.

ರಾತ್ರಿ ಎರಡೂವರೆ. ನೀರಿಗೆಂದು ಎದ್ದವಳು ನೋಡಿದೆ:
ಆರನೆಯ ದೀಪ ಪ್ರಾಜಕ್ತಾಳದು, ಬಿಡದೆ ಮಿನುಗುತ್ತಿದೆ.
ಎಲ್ಲೋ ಒಬ್ಬ ರೋಗಿಗೆ ಹೊಲಿಗೆ ಬೀಳುತ್ತಿದೆ.

ಧೂಳು ಹೋಗದಂತೆ
ಏಳನೆಯ ಬಾಯಿಗೆ ಟೇಪು ಅಂಟಿಸಿದ್ದೇನೆ.
ಎಂಟನೆಯದಕ್ಕೆ ಇಲ್ಲ.
ಅದನ್ಯಾಕೆ ಬಿಟ್ಟೆ, ಎಂದು ಬೆಳಿಗ್ಗೆ ಭಾವ ಕೇಳಿದರು.
ಟೇಪು ಮುಗಿಯಿತು, ಅಂದೆ.